ಹಿಸ್ಟೋನ್ ಎಚ್3 ಪ್ರೋಟೀನು: ಜೀವಕೋಶದಲ್ಲಿ ಅದರ ಕಾರ್ಯ ಮತ್ತು ಔಷಧದ ಗುರಿಯಾಗಿ ಅದರ ಸಾಧ್ಯತೆ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರ ತಿಳಿವಳಿಕೆಗಾಗಿ)

ಪೀಠಿಕೆ

ಹಿಸ್ಟೋನ್ ಎಚ್3 ಎಂಬುದು ಜೀವಕೋಶದ ಕೇಂದ್ರದಲ್ಲಿರುವ ಒಂದು ಸಣ್ಣ ಪ್ರೋಟೀನು. ಗಡ್ಡೆಯ ತುಣುಕು ಪರೀಕ್ಷೆಯ ವರದಿಗಳಲ್ಲಿ, ವಿಶೇಷವಾಗಿ ಮಿದುಳಿನ ಗಡ್ಡೆಗಳ ವರದಿಗಳಲ್ಲಿ, ಈ ಹೆಸರು ಈಗ ಕಾಣಿಸಿಕೊಳ್ಳುತ್ತದೆ. ಕೆಲವು ಕ್ಯಾನ್ಸರ್ ಔಷಧಗಳ ಮಾಹಿತಿ ಪತ್ರದಲ್ಲಿಯೂ ಹಿಸ್ಟೋನ್ ಎಂಬ ಪದವಿರುತ್ತದೆ. ಚಿಕಿತ್ಸಾ ನೆರವಿಗಾಗಿ ಅರ್ಜಿ ಸಲ್ಲಿಸುವ ಕುಟುಂಬಗಳು ಇಂತಹ ವರದಿಗಳನ್ನು ಕೈಯಲ್ಲಿ ಹಿಡಿದು ಬರುವುದರಿಂದ, ಈ ಪದದ ಅರ್ಥವನ್ನು ಸರಳವಾಗಿ ವಿವರಿಸುವುದು ಅವಶ್ಯಕವಾಗಿದೆ.

ಈ ವಿಷಯಕ್ಕೂ ಕರಾವಳಿಗೂ ನೇರವಾದ ಒಂದು ಸಂಬಂಧವಿದೆ. ಹಿಸ್ಟೋನ್‌ಗಳ ಮೇಲೆ ಕೆಲಸ ಮಾಡುವ ಕಿಣ್ವಗಳನ್ನು ತಡೆಯುವ ಕೆಲವು ರಾಸಾಯನಿಕಗಳನ್ನು ಬೆಂಗಳೂರಿನ ವಿಜ್ಞಾನಿಗಳು ಗೇರುಬೀಜದ ಸಿಪ್ಪೆ, ಪುನರ್ಪುಳಿ ಮತ್ತು ಅರಿಶಿನದಲ್ಲಿ ಗುರುತಿಸಿದ್ದಾರೆ. ಈ ಮೂರೂ ವಸ್ತುಗಳು ಮೂರು ತಾಲ್ಲೂಕುಗಳ ಜನರಿಗೆ ಚಿರಪರಿಚಿತ. ಆದಕಾರಣ ಆ ಸಂಶೋಧನೆ ಏನನ್ನು ತೋರಿಸಿದೆ, ಏನನ್ನು ತೋರಿಸಿಲ್ಲ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

1. ಹಿಸ್ಟೋನ್ ಎಂದರೇನು?

ಮನುಷ್ಯನ ಒಂದೊಂದು ಜೀವಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆ ಇರುತ್ತದೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಕೋಶಕೇಂದ್ರದಲ್ಲಿ ಇಷ್ಟು ಉದ್ದದ ಎಳೆ ಗಂಟುಬೀಳದೆ ಅಡಗಬೇಕಾದರೆ ಅದನ್ನು ಸುತ್ತಿಡಲು ಉಂಡೆಗಳು ಬೇಕು. ಆ ಉಂಡೆಗಳೇ ಹಿಸ್ಟೋನ್ ಪ್ರೋಟೀನುಗಳು.

ಎಚ್2ಎ, ಎಚ್2ಬಿ, ಎಚ್3 ಮತ್ತು ಎಚ್4 ಎಂಬ ನಾಲ್ಕು ಬಗೆಯ ಹಿಸ್ಟೋನ್‌ಗಳು ತಲಾ ಎರಡರಂತೆ ಸೇರಿ, ಎಂಟು ಘಟಕಗಳ ಒಂದು ಉಂಡೆಯಾಗುತ್ತದೆ. ಇದರ ಸುತ್ತ ಡಿಎನ್‌ಎಯ ಸುಮಾರು 147 ಅಕ್ಷರ ಜೋಡಿಗಳು ಹೆಚ್ಚುಕಡಿಮೆ ಒಂದೂಮುಕ್ಕಾಲು ಸುತ್ತು ಸುತ್ತಿಕೊಂಡಿರುತ್ತವೆ. ಈ ಘಟಕಕ್ಕೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ಮಣಿಸರದಂತೆ ಸಾಲಾಗಿರುವ ನ್ಯೂಕ್ಲಿಯೋಸೋಮ್‌ಗಳೇ ಮತ್ತಷ್ಟು ಮಡಿಸಿಕೊಂಡು ವರ್ಣತಂತುಗಳಾಗುತ್ತವೆ.

ಹಿಸ್ಟೋನ್‌ಗಳನ್ನು ಜರ್ಮನಿಯ ವಿಜ್ಞಾನಿ ಆಲ್ಬ್ರೆಕ್ಟ್ ಕೋಸೆಲ್ 1884ರಲ್ಲಿ ಪಕ್ಷಿಯ ರಕ್ತಕಣಗಳಿಂದ ಬೇರ್ಪಡಿಸಿದರು. ಅವು ಕೇವಲ ಸುತ್ತಿಡುವ ವಸ್ತುಗಳೆಂದು ಬಹುಕಾಲ ಭಾವಿಸಲಾಗಿತ್ತು. 1964ರಲ್ಲಿ ವಿನ್ಸೆಂಟ್ ಆಲ್‌ಫ್ರೇ ಮತ್ತು ಸಹೋದ್ಯೋಗಿಗಳು ಹಿಸ್ಟೋನ್‌ಗಳಿಗೆ ಅಂಟುವ ಸಣ್ಣ ರಾಸಾಯನಿಕ ಗುಂಪುಗಳಿಗೂ ವಂಶವಾಹಿಗಳ ಕಾರ್ಯಕ್ಕೂ ಸಂಬಂಧವಿರಬಹುದೆಂದು ಸೂಚಿಸಿದರು. ಆ ಗುಂಪುಗಳನ್ನು ಅಂಟಿಸುವ ಮತ್ತು ತೆಗೆಯುವ ಕಿಣ್ವಗಳು 1996ರಲ್ಲಿ ಪತ್ತೆಯಾದ ನಂತರ ಈ ಕ್ಷೇತ್ರವು ಔಷಧ ಸಂಶೋಧನೆಯ ಮುಖ್ಯ ಭಾಗವಾಯಿತು.

ಕರ್ನಾಟಕದಲ್ಲಿ ಈ ಅಧ್ಯಯನಕ್ಕೆ ಭದ್ರ ನೆಲೆ ಒದಗಿಸಿದವರಲ್ಲಿ ಪ್ರೊ. ಎಂ.ಆರ್.ಎಸ್. ರಾವ್ ಪ್ರಮುಖರು. ಮೈಸೂರಿನಲ್ಲಿ ಜನಿಸಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅನಂತರ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನ್‌ಗಳಲ್ಲಾಗುವ ಬದಲಾವಣೆಗಳನ್ನು ಅಧ್ಯಯನ ಮಾಡಿದರು. 2010ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು 2023ರಲ್ಲಿ ನಿಧನರಾದರು.

2. ಎಚ್3 ಪ್ರೋಟೀನಿನ ರಚನೆ

ಎಚ್3 ಪ್ರೋಟೀನು 135 ಅಮೈನೋ ಆಮ್ಲಗಳ ಸರಪಣಿ. ಇದರ ಬಹುಭಾಗ ಉಂಡೆಯ ಒಳಗೆ ಮಡಿಸಿಕೊಂಡಿರುತ್ತದೆ. ಆರಂಭದ ಭಾಗ ಮಾತ್ರ ಬಾಲದಂತೆ ಹೊರಗೆ ಚಾಚಿಕೊಂಡಿರುತ್ತದೆ. ಈ ಬಾಲದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವು 4, 9, 14, 18, 23, 27 ಮತ್ತು 36 ಮೊದಲಾದ ಸ್ಥಾನಗಳಲ್ಲಿ ಇದೆ. ವರದಿಗಳಲ್ಲಿ ಬರುವ ‘ಕೆ27’ ಎಂಬ ಸಂಕೇತದ ಅರ್ಥ 27ನೇ ಸ್ಥಾನದ ಲೈಸಿನ್ ಎಂದು.

ಲೈಸಿನ್ ಧನ ವಿದ್ಯುದಂಶವನ್ನೂ ಡಿಎನ್‌ಎ ಋಣ ವಿದ್ಯುದಂಶವನ್ನೂ ಹೊಂದಿರುವುದರಿಂದ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಲೈಸಿನ್‌ಗೆ ಅಸಿಟೈಲ್ ಎಂಬ ಗುಂಪು ಅಂಟಿದಾಗ ಈ ಹಿಡಿತ ಸಡಿಲಗೊಳ್ಳುತ್ತದೆ. ದಾರದಿಂದ ಬಿಗಿದು ಕಟ್ಟಿದ ತಾಳೆಗರಿಯ ಕಟ್ಟನ್ನು ಸಡಿಲಿಸದೆ ಓದಲಾಗದು. ಅದರಂತೆಯೇ ಎಚ್3ರ ಹಿಡಿತ ಸಡಿಲವಾದ ಕಡೆಯಲ್ಲಿ ಮಾತ್ರ ಜೀವಕೋಶವು ವಂಶವಾಹಿಯನ್ನು ಸುಲಭವಾಗಿ ಓದಬಲ್ಲದು.

3. ಜೀವಕೋಶದಲ್ಲಿ ಎಚ್3 ನಿರ್ವಹಿಸುವ ಕಾರ್ಯಗಳು

(ಅ) ಸುತ್ತಿಡುವುದು: ಇತರ ಹಿಸ್ಟೋನ್‌ಗಳೊಡನೆ ಸೇರಿ ಡಿಎನ್‌ಎಯನ್ನು ಕ್ರಮಬದ್ಧವಾಗಿ ಹಿಡಿದಿಡುತ್ತದೆ.

(ಆ) ವಂಶವಾಹಿಗಳನ್ನು ಚಾಲನೆಗೆ ತರುವುದು: 9, 14 ಮತ್ತು 27ನೇ ಲೈಸಿನ್‌ಗಳಲ್ಲಿ ಅಸಿಟೈಲ್ ಗುಂಪು ಇರುವುದು ವಂಶವಾಹಿ ಚಾಲನೆಯಲ್ಲಿದೆ ಎಂಬುದರ ಗುರುತು.

(ಇ) ವಂಶವಾಹಿಗಳನ್ನು ಸುಮ್ಮನಿರಿಸುವುದು: 9 ಅಥವಾ 27ನೇ ಲೈಸಿನ್‌ಗೆ ಮೂರು ಮೀಥೈಲ್ ಗುಂಪುಗಳು ಅಂಟಿದರೆ ಆ ಭಾಗದ ವಂಶವಾಹಿಗಳು ಸಾಮಾನ್ಯವಾಗಿ ಮೌನವಾಗಿರುತ್ತವೆ. ಯಕೃತ್ತಿನ ಕೋಶದಲ್ಲಿ ನರಕೋಶದ ವಂಶವಾಹಿಗಳು ಕೆಲಸಮಾಡದಿರಲು ಇಂತಹ ಗುರುತುಗಳೂ ಕಾರಣ.

(ಈ) ಕೋಶ ವಿಭಜನೆ: ಕೋಶವು ಎರಡಾಗುವಾಗ ಎಚ್3ರ 10ನೇ ಸ್ಥಾನದ ಸೆರೀನ್‌ಗೆ ಫಾಸ್ಫೇಟ್ ಸೇರುತ್ತದೆ. ಗಡ್ಡೆಯಲ್ಲಿ ಎಷ್ಟು ಕೋಶಗಳು ವಿಭಜನೆಗೊಳ್ಳುತ್ತಿವೆ ಎಂದು ಎಣಿಸಲು ರೋಗಪತ್ತೆ ತಜ್ಞರು ಈ ಗುರುತನ್ನು ಬಳಸುತ್ತಾರೆ.

(ಉ) ವರ್ಣತಂತುಗಳ ಹಂಚಿಕೆ: ಎಚ್3ರ ಸಂಬಂಧಿಯಾದ ಸೆನ್ಪ್-ಎ ಎಂಬ ಪ್ರೋಟೀನು ವರ್ಣತಂತುವಿನ ನಡುಕಟ್ಟಿನಲ್ಲಿದ್ದು, ಮರಿಕೋಶಗಳಿಗೆ ವರ್ಣತಂತುಗಳು ಸಮನಾಗಿ ಹಂಚಿಕೆಯಾಗಲು ನೆರವಾಗುತ್ತದೆ.

ಗುರುತು ಅಂಟಿಸುವ, ಗುರುತು ಓದುವ ಮತ್ತು ಗುರುತು ಅಳಿಸುವ ಪ್ರೋಟೀನುಗಳು ಬೇರೆಬೇರೆ ಇವೆ. ಪಿ300 ಎಂಬ ಕಿಣ್ವವು ಅಸಿಟೈಲ್ ಗುಂಪನ್ನು ಅಂಟಿಸುತ್ತದೆ. ಎಚ್‌ಡಿಎಸಿ ಎಂಬ ವರ್ಗದ ಕಿಣ್ವಗಳು ಅದನ್ನು ಅಳಿಸುತ್ತವೆ. ಇಜಡ್ಎಚ್2 ಎಂಬ ಕಿಣ್ವವು 27ನೇ ಲೈಸಿನ್‌ಗೆ ಮೀಥೈಲ್ ಗುಂಪನ್ನು ಅಂಟಿಸುತ್ತದೆ.

4. ಎಚ್3 ಮತ್ತು ಕಾಯಿಲೆಗಳು

2012ರಲ್ಲಿ ಮಕ್ಕಳ ಮಿದುಳಿನ ಕೆಲವು ಗಡ್ಡೆಗಳಲ್ಲಿ ಎಚ್3 ವಂಶವಾಹಿಯಲ್ಲಿಯೇ ದೋಷವಿರುವುದು ಪತ್ತೆಯಾಯಿತು. 27ನೇ ಸ್ಥಾನದಲ್ಲಿ ಲೈಸಿನ್ ಬದಲು ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಇರುವ ಈ ದೋಷವನ್ನು ‘ಎಚ್3 ಕೆ27ಎಂ’ ಎಂದು ಬರೆಯಲಾಗುತ್ತದೆ. ಇದರಿಂದ ಇಜಡ್ಎಚ್2 ಕಿಣ್ವದ ಕಾರ್ಯ ಕುಂಠಿತಗೊಂಡು, ಮೌನವಾಗಿರಬೇಕಾದ ವಂಶವಾಹಿಗಳು ಚಾಲನೆಗೆ ಬರುತ್ತವೆ. ಈ ಗಡ್ಡೆಗಳು ಮಿದುಳುಕಾಂಡ, ಮಿದುಳಿನ ಮಧ್ಯಭಾಗ ಮತ್ತು ಬೆನ್ನುಹುರಿಯಲ್ಲಿ ಹೆಚ್ಚಾಗಿ ಉಂಟಾಗುತ್ತವೆ. ಶಸ್ತ್ರಕ್ರಿಯೆಯಿಂದ ಪೂರ್ಣವಾಗಿ ತೆಗೆಯುವುದು ಕಷ್ಟಸಾಧ್ಯವಾದ, ಗಂಭೀರ ಸ್ವರೂಪದ ಗಡ್ಡೆಗಳಿವು. ವಿಶ್ವ ಆರೋಗ್ಯ ಸಂಸ್ಥೆಯು 2016ರ ವರ್ಗೀಕರಣದಲ್ಲಿ ಇವುಗಳನ್ನು ಪ್ರತ್ಯೇಕ ರೋಗವಾಗಿ ಗುರುತಿಸಿತು.

ಮೂಳೆಯ ಕೆಲವು ಗಡ್ಡೆಗಳಲ್ಲಿಯೂ ಎಚ್3 ದೋಷಗಳಿರುವುದು 2013ರಲ್ಲಿ ತಿಳಿದುಬಂದಿತು. ಇಂತಹ ದೋಷಗಳು ಬಹುತೇಕ ಗಡ್ಡೆಯ ಕೋಶಗಳಲ್ಲಿ ಮಾತ್ರ ಉಂಟಾಗಿರುತ್ತವೆ. ತಂದೆ ತಾಯಿಗಳಿಂದ ಬಂದವು ಎಂದಾಗಲೀ, ಯಾರದೋ ಆಹಾರಕ್ರಮದಿಂದ ಆದವು ಎಂದಾಗಲೀ ಭಾವಿಸುವುದು ಸರಿಯಲ್ಲ.

ಇನ್ನುಳಿದ ಅನೇಕ ಕ್ಯಾನ್ಸರ್‌ಗಳಲ್ಲಿ ಎಚ್3 ಪ್ರೋಟೀನು ಸರಿಯಾಗಿಯೇ ಇದ್ದು, ಅದರ ಮೇಲಿನ ಗುರುತುಗಳು ಏರುಪೇರಾಗಿರುತ್ತವೆ.

5. ಔಷಧದ ಗುರಿ ಯಾವುದು?

ಎಚ್3 ದೇಹದ ಪ್ರತಿಯೊಂದು ಕೋಶಕೇಂದ್ರಕ್ಕೂ ಅವಶ್ಯಕ. ಅದನ್ನೇ ನಾಶಪಡಿಸಿದರೆ ಆರೋಗ್ಯವಂತ ಕೋಶವೂ ಉಳಿಯದು. ಆದುದರಿಂದ ಔಷಧ ಸಂಶೋಧನೆಯು ಎಚ್3ರ ಗುರುತುಗಳನ್ನು ಅಂಟಿಸುವ, ಅಳಿಸುವ ಮತ್ತು ಓದುವ ಪ್ರೋಟೀನುಗಳತ್ತ ಗಮನ ಹರಿಸಿದೆ. ಕಿಣ್ವದಲ್ಲಿ ಔಷಧದ ಅಣು ಕುಳಿತುಕೊಳ್ಳಬಲ್ಲ ಕುಳಿಯೊಂದು ಇರುವುದೂ ಇದಕ್ಕೆ ಕಾರಣ. ಇದುವರೆಗೆ ಹೊರದೇಶಗಳಲ್ಲಿ ಅನುಮತಿ ಪಡೆದ ಔಷಧಗಳಲ್ಲಿ ಕೆಲವು:

(ಅ) ವೊರಿನೋಸ್ಟ್ಯಾಟ್: ಎಚ್‌ಡಿಎಸಿ ತಡೆಯುವ ಔಷಧ. ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

(ಆ) ಪ್ಯಾನೊಬಿನೋಸ್ಟ್ಯಾಟ್: ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿದ್ದು, 2022ರಲ್ಲಿ ಅಲ್ಲಿ ಹಿಂಪಡೆಯಲಾಯಿತು.

(ಇ) ಟಾಜೆಮೆಟೋಸ್ಟ್ಯಾಟ್: ಇಜಡ್ಎಚ್2 ತಡೆಯುವ ಔಷಧ. 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

(ಈ) ಗಿವಿನೋಸ್ಟ್ಯಾಟ್: ಎಚ್‌ಡಿಎಸಿ ತಡೆಯುವ ಔಷಧ. ಡುಶೇನ್ ಸ್ನಾಯುಕ್ಷಯ ರೋಗಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

(ಉ) ಡಾರ್ಡಾವಿಪ್ರೋನ್: ಎಚ್3 ಕೆ27ಎಂ ದೋಷವಿರುವ, ಚಿಕಿತ್ಸೆಯ ನಂತರವೂ ಬೆಳೆದ ಮಿದುಳಿನ ಗಡ್ಡೆಗಳಿಗೆ 2025ರಲ್ಲಿ ಅಮೆರಿಕದಲ್ಲಿ ಷರತ್ತುಬದ್ಧ ತ್ವರಿತ ಅನುಮತಿ ಪಡೆಯಿತು. ಇದು ಎಚ್3 ಪ್ರೋಟೀನಿಗೆ ನೇರವಾಗಿ ಅಂಟುವ ಔಷಧವಲ್ಲ.

ಎಚ್‌ಡಿಎಸಿ ತಡೆಯುವ ಔಷಧಗಳಿಂದ ಆಯಾಸ, ಭೇದಿ, ರಕ್ತದ ಕಿರುಬಿಲ್ಲೆಗಳ ಇಳಿಕೆ ಮುಂತಾದ ಅಡ್ಡಪರಿಣಾಮಗಳು ಉಂಟಾಗಬಹುದಾಗಿದೆ.

ಅಪಸ್ಮಾರಕ್ಕೆ ನೀಡುವ ಹಳೆಯ ಔಷಧವಾದ ವ್ಯಾಲ್‌ಪ್ರೋಯೇಟ್ ಕೂಡ ಎಚ್‌ಡಿಎಸಿಯನ್ನು ತಡೆಯುತ್ತದೆ ಎಂಬುದು 2001ರಲ್ಲಿ ತಿಳಿದುಬಂದಿತು. ಗರ್ಭಾವಸ್ಥೆಯಲ್ಲಿ ಈ ಔಷಧವನ್ನು ಸೇವಿಸಿದಾಗ ಸುಮಾರು 10 ಶಿಶುಗಳಲ್ಲಿ 1 ಶಿಶುವಿಗೆ ಬೆನ್ನುಹುರಿಯ ದೋಷ ಮೊದಲಾದ ಜನ್ಮದೋಷ ಉಂಟಾಗುತ್ತದೆ. ಇದನ್ನು ಸೇವಿಸುತ್ತಿರುವ ಮಹಿಳೆಯರು ಗರ್ಭಧಾರಣೆಗೆ ಮೊದಲೇ ವೈದ್ಯರನ್ನು ಕಾಣುವುದು. ಔಷಧವನ್ನು ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು. ನಿಲ್ಲಿಸಿದರೆ ಅಪಸ್ಮಾರವು ತೀವ್ರವಾಗಿ ಮರುಕಳಿಸಬಹುದು.

6. ಕರಾವಳಿಯ ಬೆಳೆಗಳು ಮತ್ತು ಬೆಂಗಳೂರಿನ ಸಂಶೋಧನೆ

ಜಕ್ಕೂರಿನ ಕೇಂದ್ರದಲ್ಲಿ ಪ್ರೊ. ತಪಸ್ ಕುಮಾರ್ ಕುಂಡು ಅವರ ತಂಡವು ಪಿ300 ಕಿಣ್ವವನ್ನು ನಿಯಂತ್ರಿಸಬಲ್ಲ ಅಣುಗಳನ್ನು ಸಸ್ಯಮೂಲಗಳಲ್ಲಿ ಹುಡುಕಿತು. ಪ್ರೊ. ಕುಂಡು ಅವರಿಗೆ 2005ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಲಭಿಸಿತು.

(ಅ) ಗೇರು: ಗೇರುಬೀಜದ ಗಟ್ಟಿ ಸಿಪ್ಪೆಯೊಳಗಿನ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲವಿದೆ. ಇದು ಪಿ300 ಕಿಣ್ವವನ್ನು ತಡೆಯುತ್ತದೆ ಎಂದು 2003ರಲ್ಲಿ ಪ್ರಕಟಿಸಲಾಯಿತು. ಅದೇ ಆಮ್ಲವನ್ನು ರಾಸಾಯನಿಕವಾಗಿ ಮಾರ್ಪಡಿಸಿ ತಯಾರಿಸಿದ ಸಿಟಿಪಿಬಿ ಎಂಬ ಅಣುವು ಇದಕ್ಕೆ ವಿರುದ್ಧವಾಗಿ ಪಿ300ನ್ನು ಚುರುಕುಗೊಳಿಸಿತು. ಒಂದೇ ಸಿಪ್ಪೆಯ ಎಣ್ಣೆಯಿಂದ ಹೊರಟು ಕಿಣ್ವವನ್ನು ತಡೆಯುವ ಅಣುವನ್ನೂ ಚುರುಕುಗೊಳಿಸುವ ಅಣುವನ್ನೂ ಪಡೆದಿರುವುದು ಗಮನಾರ್ಹ.

(ಆ) ಪುನರ್ಪುಳಿ: ಮುರುಗಲ ಎಂದೂ ಕರೆಯಲಾಗುವ ಈ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಹಳದಿ ವಸ್ತುವು ಪಿ300ನ್ನು ತಡೆಯುತ್ತದೆ ಎಂದು 2004ರಲ್ಲಿ ಪ್ರಕಟಿಸಲಾಯಿತು. ಗಾರ್ಸಿನಾಲ್ ಕೋಶಗಳಿಗೆ ವಿಷಕಾರಿಯಾಗಿದ್ದರಿಂದ ಅದೇ ವರ್ಗದ ಅಣುವನ್ನು ಮಾರ್ಪಡಿಸಿ, 2007ರಲ್ಲಿ ಎಲ್‌ಟಿಕೆ-14 ಎಂಬ ಹೆಚ್ಚು ನಿರ್ದಿಷ್ಟವಾದ ಅಣುವನ್ನು ವರದಿ ಮಾಡಲಾಯಿತು.

(ಇ) ಅರಿಶಿನ: ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಸಹ ಪಿ300ನ್ನು ತಡೆಯುತ್ತದೆ ಎಂದು 2004ರಲ್ಲಿ ಪ್ರಕಟಿಸಲಾಯಿತು.

ಚುರುಕುಗೊಳಿಸುವ ಅಣುವಿನ ಮುಂದಿನ ರೂಪವೇ ಟಿಟಿಕೆ21. ಗ್ಲೂಕೋಸ್‌ನಿಂದ ತಯಾರಿಸಿದ ಅತಿಸೂಕ್ಷ್ಮ ಇಂಗಾಲದ ಗೋಳಗಳಿಗೆ ಇದನ್ನು ಜೋಡಿಸಿ ಇಲಿಗಳಿಗೆ ನೀಡಿದಾಗ ಅದು ಮಿದುಳನ್ನು ತಲುಪಿತು ಹಾಗೂ ನೆನಪಿನ ಶಕ್ತಿಗೆ ನೆರವಾಯಿತು ಎಂದು 2013ರಲ್ಲಿ ವರದಿಯಾಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಹಯೋಗದಲ್ಲಿ ನಡೆದ 2019ರ ಅಧ್ಯಯನದಲ್ಲಿ ಬೆನ್ನುಹುರಿಗೆ ಪೆಟ್ಟಾದ ಪ್ರಾಣಿಗಳಲ್ಲಿ ಚೇತರಿಕೆ ಕಂಡುಬಂದಿತು. ಆದರೆ 2022ರ ಅಧ್ಯಯನದಲ್ಲಿ, ತೀವ್ರ ಪೆಟ್ಟಾಗಿ 12 ವಾರಗಳ ನಂತರ ಔಷಧ ನೀಡಿದಾಗ ನರತಂತುಗಳು ಬೆಳೆದವಾದರೂ ಇಲಿಗಳ ನಡಿಗೆ ಸುಧಾರಿಸಲಿಲ್ಲ. ಮೊದಲ ಅಣುವಿನ ಪತ್ತೆಯಿಂದ ಇಲ್ಲಿಗೆ ಸುಮಾರು 20 ವರ್ಷಗಳು ಸಂದಿವೆ.

7. ಪ್ರಯೋಗಾಲಯದ ಅಣುವಿಗೂ ಮನೆಯ ವಸ್ತುವಿಗೂ ಇರುವ ಅಂತರ

ಮೇಲಿನ ಸಂಶೋಧನೆಯನ್ನು ‘ಪುನರ್ಪುಳಿ ಕ್ಯಾನ್ಸರನ್ನು ಗುಣಪಡಿಸುತ್ತದೆ’ ಅಥವಾ ‘ಅರಿಶಿನ ಸೇವಿಸಿದರೆ ಗಡ್ಡೆ ಕರಗುತ್ತದೆ’ ಎಂದು ಅರ್ಥೈಸಬಾರದು. ಕಾರಣಗಳು ಈ ಕೆಳಗಿನಂತಿವೆ.

(ಅ) ಶುದ್ಧೀಕರಿಸಿದ ಅಣುವನ್ನು ಕಿಣ್ವದ ಮೇಲೆ ಅಥವಾ ಬೆಳೆಸಿದ ಕೋಶಗಳ ಮೇಲೆ ನೇರವಾಗಿ ಪ್ರಯೋಗಿಸಲಾಗಿದೆ. ಊಟದಲ್ಲಿ ಸೇವಿಸಿದ ಅಣುವು ಅದೇ ಪ್ರಮಾಣದಲ್ಲಿ ಗಡ್ಡೆಯನ್ನು ತಲುಪುವುದಿಲ್ಲ.

(ಆ) ಗಾರ್ಸಿನಾಲ್ ನೀರಿನಲ್ಲಿ ಸುಲಭವಾಗಿ ಕರಗದು. ಪುನರ್ಪುಳಿ ಪಾನಕದ ಕೆಂಪು ಬಣ್ಣ ಬೇರೆ ವಸ್ತುವಿನದು.

(ಇ) ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದು ಅನೇಕ ಪ್ರೋಟೀನುಗಳೊಡನೆ ವರ್ತಿಸುವುದರಿಂದ ನಿರ್ದಿಷ್ಟ ಔಷಧವಾಗಿ ರೂಪಿಸುವುದು ಕಷ್ಟವೆಂದು 2017ರ ವಿಮರ್ಶಾ ಲೇಖನವೊಂದು ತಿಳಿಸಿದೆ. ಅರಿಶಿನದ ಸಾರವುಳ್ಳ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಅಡುಗೆಯಲ್ಲಿ ಬಳಸುವ ಪ್ರಮಾಣಕ್ಕೆ ಈ ಮಾತು ಅನ್ವಯಿಸುವುದಿಲ್ಲ.

(ಈ) ಗೇರುಸಿಪ್ಪೆಯ ಎಣ್ಣೆಯು ಚರ್ಮವನ್ನು ಸುಡುತ್ತದೆ. ಕುಂದಾಪುರ ಮತ್ತು ಸುತ್ತಲಿನ ಗೇರುಬೀಜ ಸಂಸ್ಕರಣಾ ಘಟಕಗಳಲ್ಲಿ ದುಡಿಯುವವರಿಗೆ ಇದು ತಿಳಿದ ವಿಷಯ. ಸಿಪ್ಪೆಯನ್ನು ಕಾಯಿಸಿದಾಗ ಅನಕಾರ್ಡಿಕ್ ಆಮ್ಲವು ಬಹುಮಟ್ಟಿಗೆ ಕಾರ್ಡನಾಲ್ ಎಂಬ ಬೇರೆ ವಸ್ತುವಾಗಿ ಬದಲಾಗುತ್ತದೆ. ಬಣ್ಣ ಮತ್ತು ವಾಹನಗಳ ಬ್ರೇಕ್ ತಯಾರಿಕೆಗೆ ಹೋಗುವ ಈ ಎಣ್ಣೆಯನ್ನು ಯಾವುದೇ ಕಾರಣಕ್ಕೂ ಸೇವಿಸಬಾರದು, ಹುಣ್ಣು ಅಥವಾ ಗಡ್ಡೆಯ ಮೇಲೆ ಹಚ್ಚಬಾರದು. ಕೈಗೆ ತಗುಲಿದಲ್ಲಿ ಸಾಬೂನಿನಿಂದ ತೊಳೆದು, ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸುವುದು.

ಆರಂಭದ ಹಂತದಲ್ಲಿಯೇ ಚಿಕಿತ್ಸೆ ಪಡೆದರೆ ಅನೇಕ ಕ್ಯಾನ್ಸರ್‌ಗಳು ಗುಣವಾಗುತ್ತವೆ. ಮನೆಮದ್ದಿನಲ್ಲಿ ಕಳೆದ ತಿಂಗಳುಗಳನ್ನು ಅನಂತರದ ಯಾವ ಔಷಧವೂ ಹಿಂದಿರುಗಿಸಲಾರದು.

8. ಸೇವೆ ಪಡೆಯಲಿಚ್ಛಿಸುವವರ ಗಮನಕ್ಕೆ

(ಅ) ವಾಸಿಯಾಗದ ಹುಣ್ಣು, ಗಂಟು, ಕಾರಣವಿಲ್ಲದ ತೂಕ ಇಳಿಕೆ, ಅಸಹಜ ರಕ್ತಸ್ರಾವ ಕಂಡುಬಂದವರು ಸಮೀಪದ ಪ್ರಾಥಮಿಕ ಅಥವಾ ಸಮುದಾಯ ಆರೋಗ್ಯ ಕೇಂದ್ರ, ಕುಂದಾಪುರದ ಸರ್ಕಾರಿ ಆಸ್ಪತ್ರೆ ಅಥವಾ ಉಡುಪಿಯ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು. ಮಕ್ಕಳಲ್ಲಿ ಮುಂಜಾನೆಯ ತಲೆನೋವು ಮತ್ತು ವಾಂತಿ, ಹೊಸದಾಗಿ ಕಾಣಿಸಿಕೊಂಡ ಮೆಳ್ಳೆಗಣ್ಣು, ನಡಿಗೆಯಲ್ಲಿ ತೂರಾಟ ಕಂಡುಬಂದರೆ ತಡಮಾಡಬಾರದು.

(ಆ) ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಗೆ ಬಂದಿದ್ದು, ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗಿನ ಚಿಕಿತ್ಸೆಯನ್ನು ಒಳಗೊಂಡಿದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ. ಅರ್ಜಿದಾರರು ಆಧಾರ್ ಮತ್ತು ಪಡಿತರ ಚೀಟಿಯನ್ನು ಹೊಂದಿರತಕ್ಕದ್ದು.

(ಇ) ತುರ್ತು ಸಂದರ್ಭಗಳನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆಯಡಿ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ. ಆಸ್ಪತ್ರೆಗೆ ದಾಖಲಾಗುವ ಮೊದಲೇ ಇದನ್ನು ಪಡೆಯುವುದು ಸೂಕ್ತ.

(ಈ) ತುಣುಕು ಪರೀಕ್ಷೆಯ ಮೂಲ ವರದಿ, ಸ್ಕ್ಯಾನ್ ಪ್ರತಿಗಳು ಹಾಗೂ ಪರೀಕ್ಷೆಗೆ ಬಳಸಿದ ಮೇಣದ ಅಚ್ಚುಗಳನ್ನು ಜೋಪಾನವಾಗಿಡುವುದು. ಎಚ್3 ಪರೀಕ್ಷೆಯನ್ನು ಅನಂತರ ಮಾಡಬೇಕಾದಲ್ಲಿ ಅದೇ ಅಚ್ಚಿನಿಂದ ಮಾಡಲು ಸಾಧ್ಯವಾಗುತ್ತದೆ.

(ಉ) ಹೊಸ ಔಷಧದ ಪ್ರಯೋಗಕ್ಕೆ ಆಹ್ವಾನ ಬಂದಲ್ಲಿ, ಅದು 2007ರಲ್ಲಿ ಆರಂಭವಾದ ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆಯಲ್ಲಿ ದಾಖಲಾಗಿದೆಯೇ ಎಂದು ವಿಚಾರಿಸುವುದು. 2019ರ ನಿಯಮಗಳಂತೆ ಪ್ರಯೋಗದ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ರೋಗಿಯು ಯಾವುದೇ ಹಂತದಲ್ಲಿ ಪ್ರಯೋಗದಿಂದ ಹಿಂದೆ ಸರಿಯಬಹುದು.

(ಊ) ಕ್ಯಾನ್ಸರ್ ಗುಣಪಡಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮ, 1954 ನಿಷೇಧಿಸಿದೆ. ಅಂತಹ ಜಾಹೀರಾತು ಕಂಡುಬಂದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ಗಮನಕ್ಕೆ ತರಬಹುದಾಗಿದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವರದಿಯಲ್ಲಿ ‘ಎಚ್3 ಕೆ27ಎಂ ಪಾಸಿಟಿವ್’ ಎಂದಿದ್ದರೆ ಅರ್ಥವೇನು?
ಉತ್ತರ: ಗಡ್ಡೆಯ ಕೋಶಗಳಲ್ಲಿ 4ನೇ ವಿಭಾಗದಲ್ಲಿ ವಿವರಿಸಿದ ದೋಷವಿದೆ ಎಂದರ್ಥ. ಚಿಕಿತ್ಸೆಯ ಆಯ್ಕೆಗೆ ಈ ಮಾಹಿತಿ ಮುಖ್ಯ. ಮುಂದಿನ ಕ್ರಮವನ್ನು ಕ್ಯಾನ್ಸರ್ ತಜ್ಞರೊಡನೆ ಚರ್ಚಿಸುವುದು.

ಪ್ರಶ್ನೆ: ‘ಫಾಸ್ಫೋಹಿಸ್ಟೋನ್ ಎಚ್3’ ಎಂದು ಬರೆದಿದ್ದರೆ?
ಉತ್ತರ: ಇದು ವಿಭಜನೆಯಲ್ಲಿರುವ ಕೋಶಗಳನ್ನು ಎಣಿಸುವ ಪರೀಕ್ಷೆ. ಎಚ್3ರಲ್ಲಿ ದೋಷವಿದೆ ಎಂದು ಇದರ ಅರ್ಥವಲ್ಲ.

ಪ್ರಶ್ನೆ: ಚಿಕಿತ್ಸೆಯ ಅವಧಿಯಲ್ಲಿ ಪುನರ್ಪುಳಿ ಸಾರು, ಅರಿಶಿನ ಹಾಕಿದ ಅಡುಗೆ ಬಿಡಬೇಕೇ?
ಉತ್ತರ: ಆಹಾರವಾಗಿ ಎಂದಿನಂತೆ ಬಳಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಗುಳಿಗೆ, ಸಾರ ಅಥವಾ ಕಷಾಯ ರೂಪದಲ್ಲಿ ಹೆಚ್ಚಿನ ಪ್ರಮಾಣ ಸೇವಿಸುತ್ತಿದ್ದಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಪ್ಪದೆ ತಿಳಿಸುವುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಅಥವಾ ಆರೋಗ್ಯ ಸಹಾಯವಾಣಿ 104ನ್ನು ಸಂಪರ್ಕಿಸಬಹುದಾಗಿದೆ. ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ.